ಗೊತ್ತಾಗುವ ಮುಂಚೆಯೇ ಮುಗಿದುಹೋಗುವ ಕೆಲಸ: ಫೋಲಿಕ್ ಆಸಿಡ್ ಮತ್ತು ಮಗುವಿನ ಬೆನ್ನುಹುರಿ

ಒಂದು ಕ್ಯಾಲೆಂಡರ್ ಎದುರಿಗೆ ಇಟ್ಟುಕೊಳ್ಳಿ. ಜೂನ್ ತಿಂಗಳ ಹಾಳೆ ತೆಗೆಯಿರಿ. ಒಬ್ಬ ಹೆಣ್ಣುಮಗಳ ಮುಟ್ಟು ಜೂನ್ 1ಕ್ಕೆ ಶುರುವಾಯಿತು ಅಂದುಕೊಳ್ಳೋಣ. ಇಪ್ಪತ್ತೆಂಟು ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವವಳು. ಗರ್ಭ ಕಟ್ಟಿದ್ದು ಜೂನ್ 15ರ ಸುಮಾರಿಗೆ. ಮುಂದಿನ ಮುಟ್ಟು ಜೂನ್ 29ಕ್ಕೆ ಬರಬೇಕಿತ್ತು, ಬರಲಿಲ್ಲ. ಒಂದೆರಡು ದಿನ ಹಿಂದೆ ಮುಂದೆ ಆಗುವುದು ಇದ್ದದ್ದೇ ಅಂತ ಒಂದು ವಾರ ಕಾದಳು. ಜುಲೈ 6ಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಳು. ಎರಡು ಗೆರೆ ಬಂತು. ಡಾಕ್ಟರನ್ನು ನೋಡಲು ಮುಂದಿನ ವಾರ ಹೋದಳು. ಆವತ್ತು ಜುಲೈ 13.

ಈಗ ಅದೇ ಹಾಳೆಯ ಮೇಲೆ ಮಗುವಿನ ದಿನಗಳನ್ನು ಗುರುತು ಹಾಕಿ. ಗರ್ಭ ಕಟ್ಟಿ ಮೂರನೇ ವಾರ ಮುಗಿಯುವ ಹೊತ್ತಿಗೆ ಭ್ರೂಣದ ಬೆನ್ನಿನ ಕಡೆ ಒಂದು ಚಪ್ಪಟೆ ಪದರ ಇರುತ್ತದೆ. ಚಾಪೆ ಎರಡೂ ಅಂಚಿನಿಂದ ಮಡಚಿಕೊಂಡು ಬಂದ ಹಾಗೆ ಆ ಪದರ ಮೇಲೆದ್ದು ಮಧ್ಯದಲ್ಲಿ ಕೂಡಿಕೊಳ್ಳುತ್ತದೆ. ಆಗ ಒಂದು ಕೊಳವೆ ಆಗುತ್ತದೆ. ಇದೇ ನರಕೊಳವೆ. ಇದರ ಮೇಲ್ತುದಿ ಮುಂದೆ ಮೆದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಅಂಚುಗಳು ಕೂಡಿಕೊಳ್ಳಲು ಶುರುವಾಗುವುದು ಜುಲೈ 6ರ ಆಸುಪಾಸಿನಲ್ಲಿ. ಪೂರ್ತಿ ಮುಚ್ಚಿಕೊಳ್ಳುವುದು 28ನೇ ದಿನಕ್ಕೆ, ಅಂದರೆ ಜುಲೈ 13ಕ್ಕೆ.

ಈ ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ವಿಟಮಿನ್ ಫೋಲಿಕ್ ಆಸಿಡ್. ಡಾಕ್ಟರ್ ಅದರ ಮಾತ್ರೆ ಬರೆದುಕೊಡುವ ದಿನ ಕೊಳವೆಯ ಕೆಲಸ ಮುಗಿದಿರುತ್ತದೆ. ಸರಿಯಾಗಿ ಮುಚ್ಚಿದ್ದರೆ ಸರಿ. ಮುಚ್ಚದೆ ಉಳಿದಿದ್ದರೆ ಆಮೇಲೆ ಕೊಟ್ಟ ಮಾತ್ರೆಯಿಂದ ಅದು ಮುಚ್ಚುವುದಿಲ್ಲ.

ಕೊಳವೆಯ ಮೇಲ್ತುದಿ ತೆರೆದು ಉಳಿದರೆ ಮೆದುಳು, ತಲೆಬುರುಡೆ ಬೆಳೆಯುವುದಿಲ್ಲ. ಇದಕ್ಕೆ ಅನೆನ್ಸೆಫಲಿ ಅನ್ನುತ್ತಾರೆ. ಅಂಥ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುತ್ತದೆ, ಇಲ್ಲವೇ ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿ ಅಥವಾ ಕೆಲವೇ ದಿನಗಳಲ್ಲಿ. ಕೆಳಗಿನ ಭಾಗ ಬಿಟ್ಟುಕೊಂಡರೆ ಸ್ಪೈನಾ ಬೈಫಿಡಾ. ಈ ಮಕ್ಕಳಲ್ಲಿ ಬಹಳಷ್ಟು ಮಂದಿ ಬದುಕುತ್ತಾರೆ, ಓದುತ್ತಾರೆ, ಕೆಲಸ ಮಾಡುತ್ತಾರೆ. ಆದರೆ ಹುಟ್ಟಿದ ಕೂಡಲೇ ಬೆನ್ನಿನ ಶಸ್ತ್ರಚಿಕಿತ್ಸೆ, ತಲೆಯಲ್ಲಿ ನೀರು ತುಂಬಿಕೊಂಡರೆ ಇನ್ನೊಂದು, ಕಾಲಿನಲ್ಲಿ ಬಲ ಇಲ್ಲದಿರುವುದು, ಮೂತ್ರ ಮತ್ತು ಮಲದ ಮೇಲೆ ಹಿಡಿತ ಇಲ್ಲದಿರುವುದು, ಇವೆಲ್ಲ ಜೀವನಪೂರ್ತಿ ಜೊತೆಗಿರಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಮಕ್ಕಳಿಗೆ ನರಕೊಳವೆಯ ದೋಷ ಬರುತ್ತದೆ ಎಂಬ ಅಂದಾಜಿದೆ. ಇದರಲ್ಲಿ ದೊಡ್ಡ ಪಾಲನ್ನು ತಡೆಯಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಮಾತ್ರೆಯನ್ನು ಗರ್ಭಕ್ಕೆ ಮುಂಚೆಯೇ ಶುರು ಮಾಡಿ

ಫೋಲೇಟ್ ಅನ್ನುವುದು ಬಿ ಗುಂಪಿನ ಒಂದು ವಿಟಮಿನ್. ಸೊಪ್ಪು, ಬೇಳೆಕಾಳುಗಳಲ್ಲಿ ತಾನಾಗಿಯೇ ಇರುತ್ತದೆ. ಕಾರ್ಖಾನೆಯಲ್ಲಿ ತಯಾರಿಸಿದ ರೂಪಕ್ಕೆ ಫೋಲಿಕ್ ಆಸಿಡ್ ಅನ್ನುತ್ತೇವೆ. ಹೊಸ ಜೀವಕೋಶ ಹುಟ್ಟುವಾಗ ಡಿಎನ್ಎ ನಕಲು ಆಗಬೇಕು, ಅದಕ್ಕೆ ಫೋಲೇಟ್ ಬೇಕೇ ಬೇಕು. ಗರ್ಭದ ಮೊದಲ ವಾರಗಳಷ್ಟು ವೇಗವಾಗಿ ಜೀವಕೋಶಗಳು ಹೆಚ್ಚುವ ಕಾಲ ಮನುಷ್ಯನ ಬದುಕಿನಲ್ಲಿ ಮತ್ತೆ ಬರುವುದಿಲ್ಲ.

ಗರ್ಭ ಧರಿಸುವ ಸಾಧ್ಯತೆ ಇರುವ ಪ್ರತಿ ಹೆಣ್ಣಿಗೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕು. ಮಗು ಬೇಕು ಅಂತ ನಿರ್ಧಾರ ಮಾಡಿದವರು ಎರಡು ಮೂರು ತಿಂಗಳು ಮುಂಚೆಯೇ ಶುರು ಮಾಡಿದರೆ ಒಳ್ಳೆಯದು. ಕಡಿಮೆ ಅಂದರೂ ಒಂದು ತಿಂಗಳು ಮುಂಚೆ. ಇಷ್ಟು ಮುಂಚೆ ಯಾಕೆ? ಇವತ್ತು ಮಾತ್ರೆ ನುಂಗಿದರೆ ನಾಳೆಗೇ ಮೈತುಂಬ ಫೋಲೇಟ್ ಸೇರಿಬಿಡುವುದಿಲ್ಲ. ಕೆಂಪು ರಕ್ತಕಣಗಳು ಹುಟ್ಟುವಾಗಲೇ ಅದನ್ನು ತುಂಬಿಸಿಕೊಳ್ಳುತ್ತವೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ಹಳೆಯವು ಹೋಗಿ ಹೊಸವು ಬಂದ ಹಾಗೆಲ್ಲ ಮಟ್ಟ ನಿಧಾನವಾಗಿ ಏರುತ್ತದೆ. ಗರ್ಭ ನಿಂತ ಮೇಲೆ 12 ವಾರ ಮುಗಿಯುವ ತನಕ ಮುಂದುವರಿಸಿ. ಆಮೇಲೆ ಏನು ಅಂತ ಡಾಕ್ಟರ್ ಹೇಳುತ್ತಾರೆ.

ಮಾತ್ರೆ ತೆಗೆದುಕೊಳ್ಳುವಾಗ ಒಂದು ಎಡವಟ್ಟು ತುಂಬಾ ಜನಕ್ಕೆ ಆಗುತ್ತದೆ. ಪಟ್ಟಿಯ ಹಿಂದೆ ಬರೆದಿರುವ ಅಂಕಿಯನ್ನು ಬೆಳಕಿಗೆ ಹಿಡಿದು ಓದಿ. 0.4 ಮಿಲಿಗ್ರಾಂ ಅಂದರೂ 400 ಮೈಕ್ರೋಗ್ರಾಂ ಅಂದರೂ ಒಂದೇ. ಆದರೆ ಅಂಗಡಿಯಲ್ಲಿ 5 ಮಿಲಿಗ್ರಾಂ ಮಾತ್ರೆಯೂ ಇರುತ್ತದೆ. ನೋಡಲು ಹೆಚ್ಚುಕಮ್ಮಿ ಒಂದೇ ಥರ, ಪುಟ್ಟ ಹಳದಿ ಗುಳಿಗೆ. ಅದರಲ್ಲಿ 5000 ಮೈಕ್ರೋಗ್ರಾಂ ಇದೆ, ಅಂದರೆ ಹನ್ನೆರಡೂವರೆ ಪಟ್ಟು ಜಾಸ್ತಿ. ಅದು ಬೇಕಾದವರು ಬೇರೆ, ಅವರ ವಿಷಯ ಮುಂದೆ ಬರುತ್ತದೆ. ಸುಮ್ನೆ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಯಾರೂ ಅದನ್ನು ತಾವೇ ಶುರು ಮಾಡಬೇಡಿ.

ಬೆಳಿಗ್ಗೆಯೋ ರಾತ್ರಿಯೋ, ಯಾವ ಹೊತ್ತಾದರೂ ಪರವಾಗಿಲ್ಲ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗುವುದು ಬೇಡ. ಹಲ್ಲುಜ್ಜುವ ಬ್ರಶ್ ಪಕ್ಕ ಇಟ್ಟರೆ ಮರೆಯುವುದು ಕಡಿಮೆ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಎರಡನೇ ಹೆಜ್ಜೆ: ನಿಮಗೆ ಜಾಸ್ತಿ ಬೇಕಾ ಅಂತ ಕೇಳಿಕೊಳ್ಳಿ

ಕೆಲವರಿಗೆ 400 ಮೈಕ್ರೋಗ್ರಾಂ ಸಾಲುವುದಿಲ್ಲ. ಹಿಂದಿನ ಗರ್ಭದಲ್ಲಿ ಮಗುವಿಗೆ ನರಕೊಳವೆಯ ದೋಷ ಇದ್ದವರು ಇವರಲ್ಲಿ ಮುಖ್ಯ. ಅವರಿಗೆ ಮುಂದಿನ ಮಗುವಿನಲ್ಲೂ ಅದು ಬರುವ ಸಾಧ್ಯತೆ ನೂರಕ್ಕೆ ಎರಡು ಮೂರರಷ್ಟು. ಉಳಿದವರಿಗೆ ಹೋಲಿಸಿದರೆ ಇದು ಬಹಳ ಜಾಸ್ತಿ. ಇಂಥವರಿಗಾಗಿಯೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 7 ದೇಶಗಳ 33 ಕೇಂದ್ರಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿತು. ಒಂದಷ್ಟು ಮಂದಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್, ಇನ್ನೊಂದಷ್ಟು ಮಂದಿಗೆ ಅದಿಲ್ಲ. ಫಲಿತಾಂಶ 1991ರಲ್ಲಿ ಬಂತು. ದೋಷ ಇದ್ದ 27 ಗರ್ಭಗಳಲ್ಲಿ 21 ಫೋಲಿಕ್ ಆಸಿಡ್ ಸಿಗದವರವು, 6 ಮಾತ್ರ ಸಿಕ್ಕವರವು. ಅಪಾಯ 72 ಶೇಕಡಾ ಇಳಿದಿತ್ತು. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಗೊತ್ತಾದ ಮೇಲೂ ಅರ್ಧ ಜನಕ್ಕೆ ಕೊಡದೆ ಇರುವುದು ಹೇಗೆ ಸರಿಯಾಗುತ್ತೆ, ಅಲ್ವಾ?

ಹಾಗಾಗಿ ಹಿಂದೆ ಇಂಥ ಗರ್ಭ ಆಗಿದ್ದರೆ, ಅಥವಾ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಈ ದೋಷ ಇದ್ದರೆ, ಮಗುವಿನ ಯೋಚನೆ ಬಂದ ಕೂಡಲೇ ಡಾಕ್ಟರನ್ನು ನೋಡಿ. ದಿನಕ್ಕೆ 4 ಅಥವಾ 5 ಮಿಲಿಗ್ರಾಂ ಬರೆದುಕೊಡುತ್ತಾರೆ. 400 ಮೈಕ್ರೋಗ್ರಾಂ ಮಾತ್ರೆಯನ್ನೇ ಹತ್ತು ಹನ್ನೆರಡು ನುಂಗಿ ಲೆಕ್ಕ ಸರಿಮಾಡಬೇಡಿ. ಆ ಮಾತ್ರೆ ಬೇರೆ ವಿಟಮಿನ್‌ಗಳ ಜೊತೆ ಬೆರೆತದ್ದಾದರೆ ವಿಟಮಿನ್ ಎ ಜಾಸ್ತಿಯಾಗಿ ಮಗುವಿಗೇ ತೊಂದರೆ ಆಗಬಹುದು.

ಸಕ್ಕರೆ ಕಾಯಿಲೆ ಇದ್ದವರು, ತೂಕ ತೀರಾ ಜಾಸ್ತಿ ಇದ್ದವರು, ಸಿಕಲ್ ಸೆಲ್ ಅಥವಾ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇದ್ದವರು, ತಿಂದದ್ದು ಸರಿಯಾಗಿ ಮೈಗೆ ಹತ್ತದ ಕರುಳಿನ ಕಾಯಿಲೆ ಇದ್ದವರು ಕೂಡ ಮೊದಲೇ ಕೇಳಿಕೊಳ್ಳಬೇಕು. ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಮುಖ್ಯವಾಗಿ. ವ್ಯಾಲ್ಪ್ರೋಯೇಟ್ ಅನ್ನುವ ಔಷಧಿಯಿಂದ ನರಕೊಳವೆ ದೋಷದ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆ. ಕಾರ್ಬಮಜೆಪಿನ್ ಕೂಡ ಅಪಾಯ ಹೆಚ್ಚಿಸುತ್ತದೆ. ಆದರೆ ಇದನ್ನು ಓದಿ ಹೆದರಿ ಮಾತ್ರೆ ನಿಲ್ಲಿಸಿಬಿಡಬೇಡಿ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಬರುವ ಮೂರ್ಛೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಔಷಧಿ ಬದಲಿಸುವುದಿದ್ದರೆ ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. ಆದ್ದರಿಂದಲೇ ಮುಂಚೆ ಹೋಗಿ ಅನ್ನುತ್ತಿರುವುದು. ಸಂಧಿವಾತಕ್ಕೋ ಚರ್ಮದ ಕಾಯಿಲೆಗೋ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಅದು ಫೋಲೇಟ್‌ಗೆ ನೇರ ವಿರೋಧಿ. ಅದನ್ನು ಡಾಕ್ಟರ್ ಹೇಳಿದ ಹಾಗೆ ನಿಲ್ಲಿಸಿದ ಮೇಲಷ್ಟೇ ಗರ್ಭದ ಯೋಚನೆ.

ಮೂರನೇ ಹೆಜ್ಜೆ: ಪೊಟ್ಟಣದ ಹಿಂಬದಿ ಓದುವುದನ್ನು ಕಲಿಯಿರಿ

ಮಾತ್ರೆ ಇದೆಯಲ್ಲ, ಇನ್ನು ಹಿಟ್ಟಿನ ಮಾತು ಯಾಕೆ? ಯಾಕೆಂದರೆ ಜಗತ್ತಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಗರ್ಭಗಳು ಯೋಜನೆ ಮಾಡಿದವಲ್ಲ. ಯೋಜನೆಯೇ ಇಲ್ಲದ ಮೇಲೆ ಮೂರು ತಿಂಗಳು ಮುಂಚೆ ಮಾತ್ರೆ ಶುರು ಮಾಡುವುದು ಎಲ್ಲಿಂದ ಬಂತು? ದಿನಾ ತಿನ್ನುವ ಊಟದಲ್ಲೇ ಫೋಲಿಕ್ ಆಸಿಡ್ ಇದ್ದರೆ ತಾಯಿಯಾಗುವವಳಿಗೆ ಗೊತ್ತಿಲ್ಲದೆಯೇ ಅದು ಅವಳ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಹಿಟ್ಟು, ಅಕ್ಕಿಯಂಥ ದಿನದ ಆಹಾರಕ್ಕೆ ವಿಟಮಿನ್ ಸೇರಿಸುವುದನ್ನು ಸಾರವರ್ಧನೆ ಅನ್ನುತ್ತಾರೆ.

ಹಿಟ್ಟಿನ ಪೊಟ್ಟಣ ತಿರುಗಿಸಿ. ಎರಡು ಕಡೆ ಕಣ್ಣು ಹಾಯಿಸಿ. ಒಂದು, ಏನೇನು ಸೇರಿದೆ ಅನ್ನುವ ಪಟ್ಟಿ. ಫೋಲಿಕ್ ಆಸಿಡ್, ಫೋಲೇಟ್, ವಿಟಮಿನ್ ಬಿ9, ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದೇ. ಇನ್ನೊಂದು, 100 ಗ್ರಾಂಗೆ ಎಷ್ಟು ಅನ್ನುವ ಪೌಷ್ಟಿಕಾಂಶದ ಕೋಷ್ಟಕ. ಬಿಡಿಯಾಗಿ ಕೊಂಡರೆ ಚೀಲದ ಮೇಲೆ ಏನು ಬರೆದಿದೆ ಅಂತ ಅಂಗಡಿಯವರನ್ನು ಕೇಳಿ. ಸಂಕೋಚ ಬೇಡ.

ಈಗ ಒಂದು ಚಿಕ್ಕ ಲೆಕ್ಕ. ಹಿಟ್ಟಿನ ಮೇಲೆ 100 ಗ್ರಾಂಗೆ 150 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅಂತ ಇದೆ ಅನ್ನಿ. ನೀವು ದಿನಕ್ಕೆ 200 ಗ್ರಾಂ ಹಿಟ್ಟಿನ ತಿಂಡಿ ತಿನ್ನುತ್ತೀರಿ. 150ನ್ನು ಎರಡರಿಂದ ಗುಣಿಸಿ, 300 ಮೈಕ್ರೋಗ್ರಾಂ. ಬೇಯಿಸುವಾಗ ಸ್ವಲ್ಪ ಕಡಿಮೆ ಆಗುತ್ತದೆ. ದಿನಕ್ಕೆ 50 ಗ್ರಾಂ ಮಾತ್ರ ತಿನ್ನುವವರಿಗೆ ಸಿಗುವುದು 75 ಮೈಕ್ರೋಗ್ರಾಂ. ಹಾಗಾಗಿ ಸಾರವರ್ಧಿತ ಹಿಟ್ಟು ತರುತ್ತೇವೆ, ಇನ್ನು ಮಾತ್ರೆ ಬೇಡ ಅನ್ನುವುದು ಸರಿಯಲ್ಲ. ಮಗು ಬೇಕು ಅಂತಿರುವವರು ಎರಡನ್ನೂ ಇಟ್ಟುಕೊಳ್ಳಿ. 300 ಮತ್ತು 400 ಸೇರಿದರೆ 700. ದೊಡ್ಡವರಿಗೆ ಫೋಲಿಕ್ ಆಸಿಡ್‌ನ ಮೇಲ್ಮಿತಿ ದಿನಕ್ಕೆ 1000 ಮೈಕ್ರೋಗ್ರಾಂ. ಅದಕ್ಕಿಂತ ಕೆಳಗೇ ಇದ್ದೀರಿ.

ಕೆಲವು ಪೊಟ್ಟಣಗಳ ಮೇಲೆ ಡಿಎಫ್ಇ ಅಂತ ಬರೆದಿರುತ್ತದೆ. ಇದು ಗೊಂದಲ ಮಾಡುತ್ತದೆ. ಸೊಪ್ಪು ಕಾಳಿನಲ್ಲಿರುವ ಫೋಲೇಟ್ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಫೋಲಿಕ್ ಆಸಿಡ್ ಚೆನ್ನಾಗಿ ಹತ್ತುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮಾಡಿಕೊಂಡ ಅಳತೆ ಅದು. 0.6 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅಂದರೆ 1 ಡಿಎಫ್ಇ. ಆದ್ದರಿಂದ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುವ ಮಾತ್ರೆಯ ಮೇಲೆ 667 ಡಿಎಫ್ಇ ಅಂತ ಕಂಡರೆ ಗಾಬರಿ ಆಗಬೇಡಿ.

ನಾಲ್ಕನೇ ಹೆಜ್ಜೆ: ಅಡುಗೆಮನೆಯಲ್ಲಿ ಕಳೆದುಕೊಳ್ಳಬೇಡಿ

ಫೋಲೇಟ್ ನೀರಿನಲ್ಲಿ ಕರಗುತ್ತದೆ. ಬಿಸಿಗೂ ಬೆಳಕಿಗೂ ಹಾಳಾಗುತ್ತದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಗಂಟೆಗಟ್ಟಲೆ ನೀರಲ್ಲಿ ಬಿಟ್ಟು, ಜಾಸ್ತಿ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿದರೆ ಫೋಲೇಟ್‌ನ ದೊಡ್ಡ ಪಾಲು ಮೋರಿಗೆ ಹೋಗುತ್ತದೆ. ತೊಳೆದು ಆಮೇಲೆ ಹೆಚ್ಚಿ. ಆವಿಯಲ್ಲಿ ಬೇಯಿಸಿ, ಇಲ್ಲವೇ ಬೇಯಿಸಿದ ನೀರನ್ನೂ ಅಡುಗೆಗೆ ಬಳಸಿ. ಕಾಳು, ಬೇಳೆ, ಕಡಲೆಕಾಯಿ, ಕಿತ್ತಳೆ ಎಲ್ಲದರಲ್ಲೂ ಫೋಲೇಟ್ ಇದೆ.

ಮಾತ್ರೆ ಯಾಕೆ, ಸೊಪ್ಪು ತಿಂದರೆ ಸಾಲದೇ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು: ಸೊಪ್ಪು ಖಂಡಿತ ತಿನ್ನಿ. ಆದರೆ ನರಕೊಳವೆಯ ದೋಷ ತಡೆಯುತ್ತದೆ ಅಂತ ದೊಡ್ಡ ಅಧ್ಯಯನಗಳಲ್ಲಿ ತೋರಿಸಿಕೊಟ್ಟದ್ದು ಫೋಲಿಕ್ ಆಸಿಡ್. ಊಟದಿಂದ ಮಾತ್ರವೇ ಅಷ್ಟು ಮಟ್ಟಕ್ಕೆ ಏರುವುದು ದಿನನಿತ್ಯದ ಬದುಕಿನಲ್ಲಿ ತುಂಬಾ ಕಷ್ಟ.

ಸಾರವರ್ಧಿತ ಅಕ್ಕಿಯ ವಿಷಯದಲ್ಲಿ ಒಂದು ಮಾತು. ಅಕ್ಕಿ ಹಿಟ್ಟಿಗೆ ವಿಟಮಿನ್ ಮತ್ತು ಕಬ್ಬಿಣ ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರದ ಕಾಳು ಮಾಡುತ್ತಾರೆ. ಸಾಮಾನ್ಯವಾಗಿ ನೂರು ಕಾಳಿಗೆ ಒಂದರಂತೆ ಅದನ್ನು ಮಾಮೂಲಿ ಅಕ್ಕಿಗೆ ಸೇರಿಸುತ್ತಾರೆ. ಮೊರದಲ್ಲಿ ಹಾಕಿ ನೋಡಿದರೆ ಆ ಕಾಳಿನ ಬಣ್ಣ ಒಂದಿಷ್ಟು ಬೇರೆ ಅನ್ನಿಸಬಹುದು. ಪ್ಲಾಸ್ಟಿಕ್ ಅಂತ ಹೆದರಿ ಆರಿಸಿ ಎಸೆಯುವವರಿದ್ದಾರೆ. ಎಸೆದರೆ ಹೋಗುವುದು ವಿಟಮಿನ್ನೇ. ಹೀಗೆ ಒತ್ತಿ ಮಾಡಿದ ಕಾಳನ್ನು ಮಾಮೂಲಿನಂತೆ ತೊಳೆದರೆ ಹೆಚ್ಚು ನಷ್ಟ ಇಲ್ಲ. ಆದರೆ ಜಾಸ್ತಿ ನೀರಿಟ್ಟು ಬೇಯಿಸಿ ಬಸಿಯಬೇಡಿ, ನೀರು ಇಂಗುವ ಹಾಗೆ ಬೇಯಿಸಿ. ಅಕ್ಕಿಯ ಮೇಲೆ ವಿಟಮಿನ್ ಪುಡಿ ಉದುರಿಸಿದ್ದಾದರೆ ಮಾತ್ರ ತೊಳೆದಾಗ ಅದು ನೀರಿನ ಜೊತೆ ಹೋಗಿಬಿಡುತ್ತದೆ. ಪೊಟ್ಟಣದ ಮೇಲೆ ತೊಳೆಯುವ ಬಗ್ಗೆ ಏನು ಬರೆದಿದೆ ಅಂತ ನೋಡಿ.

ಐದನೇ ಹೆಜ್ಜೆ: ಕೇಳಿಬರುವ ಭಯಗಳನ್ನು ತೂಗಿ ನೋಡಿ

ಫೋಲಿಕ್ ಆಸಿಡ್‌ನಿಂದ ಬಿ12 ವಿಟಮಿನ್ನಿನ ಕೊರತೆ ಕಣ್ಣಿಗೆ ಬೀಳದೆ ಮುಚ್ಚಿಹೋಗುತ್ತದೆ ಅನ್ನುವುದು ಹಳೆಯ ಆತಂಕ. ಇದರಲ್ಲಿ ಅರ್ಥ ಇದೆ. ಬಿ12 ಕಡಿಮೆಯಾದಾಗ ರಕ್ತಹೀನತೆ ಬರುತ್ತದೆ, ನರಗಳಿಗೂ ಪೆಟ್ಟು ಬೀಳುತ್ತದೆ. ತುಂಬಾ ಜಾಸ್ತಿ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋಗಿ, ನರಗಳ ತೊಂದರೆ ಸದ್ದಿಲ್ಲದೆ ಮುಂದುವರಿಯಬಹುದು. 1000 ಮೈಕ್ರೋಗ್ರಾಂ ಮಿತಿ ಇಟ್ಟಿರುವುದೇ ಇದಕ್ಕೆ. ಹಿಟ್ಟಿನಿಂದ ಸಿಗುವುದು ಅದರ ಒಂದು ಪಾಲು ಮಾತ್ರ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ತಿನ್ನದವರು, ವಯಸ್ಸಾದವರು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಹೇಗಿದ್ದರೂ ಒಳ್ಳೆಯದು.

ಕ್ಯಾನ್ಸರ್ ಬರುತ್ತದಾ? 13 ಅಧ್ಯಯನಗಳ ಸುಮಾರು 50 ಸಾವಿರ ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದ ಲೆಕ್ಕ 2013ರಲ್ಲಿ ಬಂತು. ಅವರಲ್ಲಿ ಫೋಲಿಕ್ ಆಸಿಡ್ ಸಿಕ್ಕವರು ತೆಗೆದುಕೊಂಡದ್ದು ಸಾಮಾನ್ಯವಾಗಿ ಹಿಟ್ಟಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ಕ್ಯಾನ್ಸರ್ ಗಮನಾರ್ಹವಾಗಿ ಹೆಚ್ಚಿದ್ದು ಕಾಣಲಿಲ್ಲ.

ಇನ್ನು ಎಂಟಿಎಚ್ಎಫ್ಆರ್ ಅನ್ನುವ ಜೀನ್ ಬದಲಾವಣೆ ಇದ್ದವರಿಗೆ ಫೋಲಿಕ್ ಆಸಿಡ್ ಆಗಿಬರುವುದಿಲ್ಲ, ಫೋಲೇಟ್‌ನ ಇನ್ನೊಂದು ರೂಪವಾದ ಮೀಥೈಲ್ ಫೋಲೇಟ್ ಕೊಳ್ಳಿ ಅನ್ನುವ ಮಾತು ಜೋರಾಗಿ ಓಡಾಡುತ್ತಿದೆ. ಅಂಥವರ ಮೈ ಕೂಡ ಫೋಲಿಕ್ ಆಸಿಡನ್ನು ಬಳಸಿಕೊಳ್ಳುತ್ತದೆ. ನರಕೊಳವೆಯ ದೋಷ ಇಳಿಸಿದ್ದು ಪರೀಕ್ಷೆಯಲ್ಲಿ ಕಂಡದ್ದು ಫೋಲಿಕ್ ಆಸಿಡ್‌ನಿಂದ. ಪಟ್ಟಿಯ ಮೇಲಿನ ಹೆಸರು ದುಬಾರಿಯಾದ ಮಾತ್ರಕ್ಕೆ ಮಾತ್ರೆ ಒಳ್ಳೆಯದಾಗುವುದಿಲ್ಲ.

ಆರನೇ ಹೆಜ್ಜೆ: ಈಗಾಗಲೇ ಗರ್ಭಿಣಿ ಆಗಿದ್ದರೆ

ಮೇಲಿನ ಕ್ಯಾಲೆಂಡರ್ ನೋಡಿ ನಿಮ್ಮ ಎದೆ ಧಸಕ್ ಅಂದಿರಬಹುದು. ದಯವಿಟ್ಟು ಕೇಳಿ. ಮಾತ್ರೆ ತೆಗೆದುಕೊಳ್ಳದ ತಾಯಂದಿರಲ್ಲೂ ಬಹುಪಾಲು ಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಇವತ್ತೇ ಶುರು ಮಾಡಿ. ದಿನಗಳ ಲೆಕ್ಕದಲ್ಲಿ ನೀವೇ ತಪ್ಪಿರಬಹುದು, ಕೊಳವೆ ಮುಚ್ಚಲು ಇನ್ನೂ ಸಮಯ ಇರಬಹುದು. ಅದು ದಾಟಿದ್ದರೂ ನಿಮ್ಮ ರಕ್ತಕ್ಕೆ ಫೋಲೇಟ್ ಬೇಕು. 18ರಿಂದ 20 ವಾರದ ಹೊತ್ತಿಗೆ ಮಾಡುವ ಸ್ಕ್ಯಾನಿನಲ್ಲಿ ಮಗುವಿನ ಬೆನ್ನುಮೂಳೆಯನ್ನು ಉದ್ದಕ್ಕೂ ನೋಡುತ್ತಾರೆ. ಅದನ್ನು ತಪ್ಪಿಸಬೇಡಿ. ಮಾತ್ರೆ ಯಾವಾಗ ಶುರು ಮಾಡಿದಿರಿ ಅಂತ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ನನಗೆ ಪರಿಚಯದ ಒಬ್ಬ ತಾಯಿ ಮಗುವಿನ ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿದು ಎಷ್ಟೋ ವರ್ಷದ ಮೇಲೂ ಒಂದೇ ಮಾತು ಕೇಳುತ್ತಿದ್ದರು, "ನಾನೇನು ತಿನ್ನಬಾರದ್ದು ತಿಂದೆ?" ಏನೂ ಇಲ್ಲ. ಫೋಲಿಕ್ ಆಸಿಡ್ ಸರಿಯಾಗಿ ತೆಗೆದುಕೊಂಡವರಿಗೂ ಕೆಲವೊಮ್ಮೆ ಹೀಗಾಗುತ್ತದೆ, ಎಲ್ಲ ದೋಷಗಳಿಗೂ ಅದೊಂದೇ ಕಾರಣ ಅಲ್ಲ. ಅವರಿಗೆ ಆ ಮಾತ್ರೆಯ ಬಗ್ಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಹೇಳದೆ ಇದ್ದದ್ದನ್ನು ತಾಯಿಯ ತಪ್ಪು ಅಂತ ಲೆಕ್ಕ ಹಾಕಬಾರದು. ನಿಮ್ಮ ಮನೆಯಲ್ಲಿ, ಪಕ್ಕದಲ್ಲಿ ಅಂಥವರಿದ್ದರೆ ಈ ಮಾತನ್ನು ಅವರಿಗೆ ಹೇಳಿ.

ಏಳನೇ ಹೆಜ್ಜೆ: ಹಿಟ್ಟಿಗೇ ಸೇರಿಸಿ ಅಂತ ಕೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಮಾತ್ರೆ ಗೊತ್ತಿದ್ದವರಿಗೆ ಸಿಗುತ್ತದೆ. ಹಿಟ್ಟು ಎಲ್ಲರಿಗೂ ಸಿಗುತ್ತದೆ.

ಅಮೆರಿಕ 1998ರ ಜನವರಿ 1ರಿಂದ ಸಾರವರ್ಧಿತ ಧಾನ್ಯದ ಉತ್ಪನ್ನಗಳಲ್ಲಿ 100 ಗ್ರಾಂಗೆ 140 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರಲೇಬೇಕು ಅಂತ ಕಡ್ಡಾಯ ಮಾಡಿತು. ಅಲ್ಲಿ ಇದರಿಂದ ವರ್ಷಕ್ಕೆ ಸುಮಾರು 1300 ಮಕ್ಕಳು ನರಕೊಳವೆಯ ದೋಷ ಇಲ್ಲದೆ ಹುಟ್ಟುತ್ತಿದ್ದಾರೆ ಎಂಬ ಅಂದಾಜಿದೆ. ಕೆನಡಾ ಅದೇ ವರ್ಷ 150 ಮೈಕ್ರೋಗ್ರಾಂ ಮಾಡಿತು. ಅಲ್ಲಿ ದೋಷದ ಪ್ರಮಾಣ 46 ಶೇಕಡಾ ಇಳಿಯಿತು, ಸಾವಿರಕ್ಕೆ 1.58 ಇದ್ದದ್ದು 0.86ಕ್ಕೆ ಬಂತು. ಚಿಲಿ 2000ದಲ್ಲಿ, ದಕ್ಷಿಣ ಆಫ್ರಿಕಾ 2003ರಲ್ಲಿ, ಆಸ್ಟ್ರೇಲಿಯಾ 2009ರಲ್ಲಿ, ನ್ಯೂಜಿಲೆಂಡ್ 2023ರಲ್ಲಿ ಈ ದಾರಿ ಹಿಡಿದವು. ದಕ್ಷಿಣ ಆಫ್ರಿಕಾ ಗೋಧಿ ಹಿಟ್ಟಿನ ಜೊತೆ ಮೆಕ್ಕೆಜೋಳದ ಹಿಟ್ಟಿಗೂ ಸೇರಿಸಿತು. ಅಲ್ಲಿನ ಬಡವರು ದಿನಾ ತಿನ್ನುವುದು ಅದನ್ನೇ.

1991ರ ಆ ಅಧ್ಯಯನ ನಡೆಸಿದ ಬ್ರಿಟನ್ ಮಾತ್ರ ಹಿಟ್ಟಿಗೆ ಸೇರಿಸುವ ತೀರ್ಮಾನ ಹೇಳಿದ್ದು 2021ರಲ್ಲಿ. ಮೂವತ್ತು ವರ್ಷ. ಆ ಮೂವತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಕೂಡುವ ವಿಶ್ವ ಆರೋಗ್ಯ ಸಭೆ ಫೋಲಿಕ್ ಆಸಿಡ್ ಸೇರಿದಂತೆ ಆಹಾರದ ಸಾರವರ್ಧನೆಯನ್ನು ಚುರುಕುಗೊಳಿಸಿ ಅಂತ ಎಲ್ಲ ಸದಸ್ಯ ದೇಶಗಳಿಗೆ ಹೇಳಿ ಒಂದು ನಿರ್ಣಯ ಮಾಡಿತು. ನಿಮ್ಮ ಜನಪ್ರತಿನಿಧಿಗೆ ಪತ್ರ ಬರೆಯುವಾಗ ಈ ನಿರ್ಣಯವನ್ನು ಹೆಸರಿಸಿ. ಎರಡು ಪ್ರಶ್ನೆ ಸಾಕು: ನಮ್ಮಲ್ಲಿ ಇದು ಕಡ್ಡಾಯವಾ, ಐಚ್ಛಿಕವಾ? ಕಡ್ಡಾಯ ಆಗಿದ್ದರೆ ಅಂಗಡಿಯಿಂದ ಹಿಟ್ಟು ತೆಗೆದು ಪರೀಕ್ಷೆ ಮಾಡುವವರು ಯಾರು, ಎಷ್ಟು ದಿನಕ್ಕೊಮ್ಮೆ?

ಇದಕ್ಕೆ ಬೇಕಾಗುವ ಪುಡಿ ಎಷ್ಟು ಗೊತ್ತಾ? 100 ಗ್ರಾಂಗೆ 150 ಮೈಕ್ರೋಗ್ರಾಂ ಲೆಕ್ಕದಲ್ಲಿ ಒಂದು ಟನ್ ಹಿಟ್ಟಿಗೆ ಒಂದೂವರೆ ಗ್ರಾಂ. ಬೆರಳ ತುದಿಯಲ್ಲಿ ಹಿಡಿಯುವಷ್ಟು ಹಳದಿ ಪುಡಿ. ಅಷ್ಟು ಕಡಿಮೆಯನ್ನು ಸಮನಾಗಿ ಹರಡುವುದು ಕಷ್ಟ. ಹಾಗಾಗಿ ಕಬ್ಬಿಣ ಮತ್ತು ಬೇರೆ ವಿಟಮಿನ್‌ಗಳ ಜೊತೆ ಬೆರೆಸಿ ಮಿಶ್ರಣ ಮಾಡಿಕೊಳ್ಳುತ್ತಾರೆ. ಗಿರಣಿಯಲ್ಲಿ ಹಿಟ್ಟು ಸಾಗುವ ದಾರಿಯ ಮೇಲೆ ಒಂದು ಪುಟ್ಟ ಡಬ್ಬದಂಥ ಯಂತ್ರ ಕೂರಿಸಿರುತ್ತಾರೆ. ಅದು ಮಿಶ್ರಣವನ್ನು ಅಳತೆಯಲ್ಲಿ ಉದುರಿಸುತ್ತಾ ಇರುತ್ತದೆ, ಮುಂದೆ ತಿರುಗುವ ಸುರುಳಿ ಅದನ್ನು ಹಿಟ್ಟಿಗೆ ಕಲಸುತ್ತಾ ಹೋಗುತ್ತದೆ. ಎಷ್ಟು ಸೇರಿಸಬೇಕು ಅನ್ನುವುದು ಜನ ಎಷ್ಟು ಹಿಟ್ಟು ತಿನ್ನುತ್ತಾರೆ ಅನ್ನುವುದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 300 ಗ್ರಾಂಗಿಂತ ಜಾಸ್ತಿ ಗೋಧಿ ಹಿಟ್ಟು ತಿನ್ನುವ ಕಡೆ ಕಿಲೋಗೆ 1 ಮಿಲಿಗ್ರಾಂ, 150ರಿಂದ 300 ಗ್ರಾಂ ಇದ್ದರೆ 1.3, 75ರಿಂದ 149 ಇದ್ದರೆ 2.6, ಅದಕ್ಕೂ ಕಡಿಮೆ ಇದ್ದರೆ 5 ಮಿಲಿಗ್ರಾಂ.

ಗಿರಣಿ ನಡೆಸುವವರಿಗೆ, ಶಾಲೆ ಅಥವಾ ಹಾಸ್ಟೆಲ್ ಅಡುಗೆಮನೆಗೆ ಮೂಟೆಗಟ್ಟಲೆ ಹಿಟ್ಟು ಕೊಳ್ಳುವವರಿಗೆ ಒಂದು ಕೆಲಸ. ಫೋಲಿಕ್ ಆಸಿಡನ್ನು ನೇರವಾಗಿ ಅಳೆಯಲು ಒಳ್ಳೆಯ ಪ್ರಯೋಗಾಲಯ ಬೇಕು. ಆದರೆ ಮಿಶ್ರಣ ಹಿಟ್ಟಿಗೆ ಬಿದ್ದಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಹಿಟ್ಟನ್ನು ತಟ್ಟೆಯಲ್ಲಿ ಸಮ ಮಾಡಿ, ಆಮ್ಲ ಬೆರೆಸಿದ ಥಯೋಸಯನೇಟ್ ದ್ರಾವಣ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸುತ್ತಾರೆ. ಕಬ್ಬಿಣದ ಕಣ ಇದ್ದಲ್ಲೆಲ್ಲ ಸ್ವಲ್ಪ ಹೊತ್ತಿನಲ್ಲಿ ಕೆಂಪು ಚುಕ್ಕೆ ಏಳುತ್ತವೆ. ಕಬ್ಬಿಣವೂ ಫೋಲಿಕ್ ಆಸಿಡೂ ಒಂದೇ ಮಿಶ್ರಣದಲ್ಲಿರುವುದರಿಂದ ಕೆಂಪು ಚುಕ್ಕೆ ಕಂಡರೆ ಮಿಶ್ರಣ ಬಿದ್ದಿದೆ ಅಂತ ಅರ್ಥ. ತಟ್ಟೆಯ ಒಂದೇ ಮೂಲೆಯಲ್ಲಿ ಚುಕ್ಕೆ ಗುಂಪಾಗಿದ್ದರೆ ಸರಿಯಾಗಿ ಕಲಸಿಲ್ಲ. ಒಂದೂ ಚುಕ್ಕೆ ಬರದಿದ್ದರೆ ಯಂತ್ರದ ಡಬ್ಬ ಖಾಲಿ ಆಗಿದೆಯಾ ನೋಡಬೇಕು. ಈ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿದಿರಿ ಅಂತ ಗಿರಣಿಯವರನ್ನು ಕೇಳಿ. ಬರೆದಿಟ್ಟ ಪುಸ್ತಕ ಇದ್ದರೆ ತೋರಿಸಿ ಅನ್ನಿ. ಮಿಶ್ರಣದ ಡಬ್ಬವನ್ನು ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲು ಬೀಳದ ಕಡೆ ಇಟ್ಟಿದ್ದಾರಾ ಅಂತಲೂ ಒಮ್ಮೆ ಕಣ್ಣು ಹಾಯಿಸಿ ಬನ್ನಿ.